ಬಾಕಿ ಉಳಿದ ಮೂರು ಮೆಟ್ಟಿಲು

ಆ ವಸಂತವನ್ನು ನೆನೆದು ಖುಷಿಪಡಬಾರದು ಎಂದು ನನಗೂ ಗೊತ್ತು. ನಮ್ಮ ಬಿಲ್ಡಿಂಗಿನಲ್ಲೇ ಇಬ್ಬರು ತೀರಿಹೋದರು. ಆಂಬುಲೆನ್ಸಿನ ಸದ್ದು ಕೇಳಿದರೆ ಇವತ್ತಿಗೂ ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಲ್ಲುತ್ತದೆ. ಆದರೂ ಶಿವರಾತ್ರಿ ಮುಗಿದು ಪುಣೆಯ ಈ ನಿಗಡಿಯಲ್ಲಿ ಬಿಸಿಲು ಏರತೊಡಗಿದಾಗ, ಬೆಳಗಿನ ಆರು ಗಂಟೆಗೆ ನಾವು ನಾಲ್ವರು ಸಾಲಾಗಿ ಗುಡ್ಡ ಹತ್ತುತ್ತಿದ್ದುದು ನೆನಪಾಗುತ್ತದೆ. ಆ ದಿನಗಳು ಇನ್ನೊಮ್ಮೆ ಬರಬಾರದೇ ಅನ್ನಿಸುತ್ತದೆ. ರೋಗ ಬೇಡ. ಆ ನಾಲ್ವರು ಬೇಕು.

ನಾಲ್ವರೆಂದರೆ ನಾನು, ನನ್ನ ಗಂಡ, ಆಗ ಒಂಬತ್ತನೇ ಕ್ಲಾಸಿನಲ್ಲಿದ್ದ ಮಗಳು, ಮತ್ತು ಎರಡು ವರ್ಷದ ಹಿಂದೆ ತೀರಿಕೊಂಡ ನಮ್ಮತ್ತೆ. ಅತ್ತೆ ವಿಜಯಪುರದ ಕಡೆಯವರು. ಮಾವನಿಗೆ ಇಲ್ಲಿ ಗುಮಾಸ್ತಿಕೆ ಸಿಕ್ಕಿದಾಗ ಒಂದು ಟ್ರಂಕು, ಒಂದು ಬೀಸುವ ಕಲ್ಲು ಕಟ್ಟಿಕೊಂಡು ಪುಣೆಗೆ ಬಂದು ಐವತ್ತು ವರ್ಷ ಇಲ್ಲೇ ಕಳೆದರು. ತರಕಾರಿಯವನ ಜೊತೆ ಮರಾಠಿಯಲ್ಲಿ ಚೌಕಾಸಿ ಮಾಡುತ್ತಿದ್ದರು, ಟಿವಿಯಲ್ಲಿ ಹಿಂದಿ ಧಾರಾವಾಹಿ ನೋಡಿ ಅಳುತ್ತಿದ್ದರು. ಸಿಟ್ಟು ಮಾತ್ರ ಕನ್ನಡದಲ್ಲೇ ಬರುತ್ತಿತ್ತು. ಆ ಕನ್ನಡದಲ್ಲಿ ಮುಕ್ಕಾಲು ಪಾಲು ನನಗೇ.

ನಮ್ಮಿಬ್ಬರ ಜಗಳಕ್ಕೆಲ್ಲ ಮೂಲ ಜೇಜುರಿಯ ಮೆಟ್ಟಿಲು. ಪುಣೆಯ ಹತ್ತಿರದ ಜೇಜುರಿಯಲ್ಲಿ ಗುಡ್ಡದ ಮೇಲಿರುವ ಖಂಡೋಬಾ ನಮ್ಮ ಮನೆದೇವರು. ಅತ್ತೆ ಅವನನ್ನು ಊರಿನ ರೂಢಿಯಂತೆ ಮೈಲಾರಲಿಂಗ ಅನ್ನುತ್ತಿದ್ದರು. ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿಯನ್ನು ಎತ್ತಿಕೊಂಡು ಆ ಗುಡ್ಡದ ಮೆಟ್ಟಿಲು ಹತ್ತಬೇಕು, ಕಡಿಮೆಯೆಂದರೆ ಐದು. ನಾವು ಮದುವೆಯಾದ ನಾಲ್ಕನೆಯ ದಿನ ಹೋದೆವು. ನನ್ನ ಗಂಡ ಆಗ ಗಾಳಿ ಬೀಸಿದರೆ ಹಾರಿಹೋಗುವಷ್ಟು ಸಣಕಲು. ನಾನೋ ತವರಿನ ಹಾಲು, ಬೆಣ್ಣೆ, ಜೋಳದ ರೊಟ್ಟಿ ತಿಂದು ಬೆಳೆದ ಗಟ್ಟಿ ಆಳು. ಅವರು ಎತ್ತಿಕೊಂಡರು, ಒಂದು ಹತ್ತಿದರು, ಎರಡು ಹತ್ತಿದರು. ಮೂರನೆಯದಕ್ಕೆ ಕಾಲೆತ್ತುವಾಗ ಮೊಣಕಾಲು ಗಡಗಡ ನಡುಗಿ ನನ್ನನ್ನು ಅಲ್ಲೇ ಇಳಿಸಿಬಿಟ್ಟರು. ಹಿಂದೆ ನಿಂತಿದ್ದ ಜನ ನಕ್ಕರು. ನಾನೂ ನಕ್ಕೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಉಳಿದ ಮೆಟ್ಟಿಲನ್ನೆಲ್ಲ ನಾನೇ ಹತ್ತಿದೆ. ಅತ್ತೆ ನಗಲಿಲ್ಲ.

ಅಂದಿನಿಂದ ಮನೆಯಲ್ಲಿ ಏನು ಕೆಟ್ಟರೂ ಕಾರಣ ಅದೇ. ಮಗು ತಡವಾಗಿ ಹುಟ್ಟಿತು, ಗಂಡನ ಬಡ್ತಿ ತಪ್ಪಿತು, ಮಳೆಗಾಲದಲ್ಲಿ ಗೋಡೆ ಸೋರಿತು, ಕೊನೆಗೆ ಹಾಲು ಒಡೆದರೂ ಅತ್ತೆ ಅನ್ನುತ್ತಿದ್ದುದು ಒಂದೇ ಮಾತು: "ಮೂರು ಮೆಟ್ಟಲಾ ಬಾಕಿ ಅದಾವ." ಮಗನಿಗೆ ಶಕ್ತಿ ಸಾಲಲಿಲ್ಲ ಎಂದು ಅವರು ಒಮ್ಮೆಯೂ ಹೇಳಲಿಲ್ಲ, ತಪ್ಪೆಲ್ಲ ಸೊಸೆಯ ಮೈಭಾರದ್ದು. ಇನ್ನೊಮ್ಮೆ ಎತ್ತಿಸಿಕೊಂಡಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನನಗೂ ಸಿಟ್ಟು ಮೂಗಿನ ತುದಿಯಲ್ಲೇ. ನನ್ನನ್ನು ಮತ್ತೆ ತೂಕಕ್ಕೆ ಹಾಕಬೇಡಿ ಎಂದು ಹೇಳಿಬಿಟ್ಟೆ. ಪ್ರತಿವರ್ಷ ಜೇಜುರಿಗೆ ಹೋದಾಗ ಮೊದಲ ಮೆಟ್ಟಿಲ ಹತ್ತಿರ ಅತ್ತೆ ಮಗನ ಮುಖ ನೋಡುತ್ತಿದ್ದರು, ನಾನು ಯಾರಿಗೂ ಕಾಯದೆ ದಡದಡ ಮೇಲೆ ಹೋಗಿಬಿಡುತ್ತಿದ್ದೆ. ಇಪ್ಪತ್ತು ವರ್ಷ ಹೀಗೇ ನಡೆಯಿತು.

ಆಮೇಲೆ ರೋಗ ಬಂತು, ಎಲ್ಲರೂ ಮನೆಯಲ್ಲಿ ಕೂತೆವು. ನಮ್ಮದು ಒಂದು ಹಾಲ್, ಒಂದು ಒಳಕೋಣೆ, ಒಂದು ಅಡಿಗೆಮನೆ. ಗಂಡನ ಆಫೀಸು ಇಸ್ತ್ರಿ ಮೇಜಿನ ಮೇಲೆ ಶುರುವಾಯಿತು. ಮಗಳ ಶಾಲೆ ಅಡಿಗೆಮನೆಯಲ್ಲಿ, ಗ್ಯಾಸ್ ಸಿಲಿಂಡರಿನ ಪಕ್ಕ; ನೆಟ್‌ವರ್ಕ್ ಅಲ್ಲಿ ಮಾತ್ರ ಸರಿಯಾಗಿ ಸಿಗುತ್ತಿತ್ತು. ಅತ್ತೆ ಅಲ್ಲೇ ಕೂತು ಮೆಂತ್ಯದ ಸೊಪ್ಪು ಸೋಸುತ್ತ ಪಾಠ ಕೇಳುತ್ತಿದ್ದರು. ಕೃಷ್ಣಾ ನದಿ ಹುಟ್ಟುವುದು ಎಲ್ಲಿ ಎಂದು ಭೂಗೋಳದ ಟೀಚರು ಕೇಳಿದಾಗ ತಾವೇ ಜೋರಾಗಿ ಮಹಾಬಳೇಶ್ವರ ಎಂದುಬಿಟ್ಟರು. ಇಡೀ ಕ್ಲಾಸು ನಕ್ಕಿತಂತೆ. ಮಗಳು ಎರಡು ದಿನ ಅಜ್ಜಿಯ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಇತಿಹಾಸದ ಪಾಠಕ್ಕೆ ತಾನೇ ಅಜ್ಜಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

ಮೊದಲ ವರ್ಷ ಟೆರೇಸಿನ ಮೇಲೆ ಸುತ್ತು ಹಾಕಿದ್ದೇ ನಮ್ಮ ತಿರುಗಾಟ. ಎರಡನೆಯ ವಸಂತದ ಹೊತ್ತಿಗೆ ಬೆಳಗಿನ ಹೊತ್ತು ಹೊರಗೆ ಬಿಟ್ಟಿದ್ದರು. ಮಗಳು ಎಲ್ಲರನ್ನೂ ಎಬ್ಬಿಸಿ ಟೇಕಡಿಗೆ ಹೊರಡಿಸಿದಳು. ಟೇಕಡಿ ಅಂದರೆ ಊರೊಳಗಿನ ಸಣ್ಣ ಗುಡ್ಡ. ಪುಣೆಯ ಜನಕ್ಕೆ ಅದನ್ನು ಹತ್ತಿ ಇಳಿಯದಿದ್ದರೆ ಬೆಳಗಾಗುವುದಿಲ್ಲ. ಇಷ್ಟು ವರ್ಷ ಮನೆಯ ಹಿಂದೆಯೇ ಇದ್ದರೂ ನಾವು ಒಮ್ಮೆಯೂ ಹತ್ತಿರಲಿಲ್ಲ. ಮೊದಲ ವಾರ ಅತ್ತೆ ಬುಡದಲ್ಲಿದ್ದ ಸಿಮೆಂಟಿನ ಬೆಂಚಿನ ಮೇಲೆ ಕೂತು ನಮ್ಮ ನೀರಿನ ಬಾಟಲಿ ಕಾದರು. ಎರಡನೆಯ ವಾರ ಬೇಸರವಾಗಿ ಮೊಮ್ಮಗಳ ಕೈ ಹಿಡಿದು ಸ್ವಲ್ಪ ಹತ್ತಿದರು. ತಿಂಗಳು ತುಂಬುವುದರೊಳಗೆ, ನಾಲ್ಕು ಕಡೆ ಕೂತು ಎದ್ದು, ನಮ್ಮೆಲ್ಲರಿಗೂ ಬೈಯುತ್ತ ಮೇಲೆ ಬಂದೇಬಿಟ್ಟರು.

ಹುಲ್ಲೆಲ್ಲ ಒಣಗಿ ಹಳದಿಯಾಗಿತ್ತು, ಅದರ ನಡುವೆ ಮುತ್ತುಗದ ಹೂವು ಕೆಂಪಗೆ ಅರಳಿತ್ತು. ಕಾರ್ಖಾನೆಗಳ ಹೊಗೆ ಕಡಿಮೆಯಾಗಿ ದೂರದ ಬೆಟ್ಟದ ಸಾಲು ನಿಚ್ಚಳವಾಗಿ ಕಾಣುತ್ತಿತ್ತು. ಫ್ಲಾಸ್ಕಿನ ಚಹಾ, ಅತ್ತೆ ಸೆರಗಿನಲ್ಲಿ ಕಟ್ಟಿ ತಂದ ಚುರುಮುರಿ, ಹುರಿದ ಶೇಂಗಾ. ನನ್ನ ಗಂಡ ಮದುವೆಯಾದ ಇಷ್ಟು ವರ್ಷದಲ್ಲಿ ನನ್ನ ಜೊತೆ ಕೂತು ಅಷ್ಟು ಹೊತ್ತು ಹರಟಿದ್ದು ಆ ಗುಡ್ಡದ ಮೇಲೆಯೇ. ಮೊದಲ ಸಲ ಮೇಲೆ ಬಂದ ದಿನ ಜೇಜುರಿ ಯಾವ ದಿಕ್ಕಿಗಿದೆ ಎಂದು ಅತ್ತೆ ಕೇಳಿದರು. ಗಂಡ ಮೊಬೈಲಿನಲ್ಲಿ ದಿಕ್ಕು ಹುಡುಕಿ ಕೈ ತೋರಿಸಿದರು. ಅಷ್ಟು ದೂರದ್ದು ಇಲ್ಲಿಂದ ಕಾಣುವುದಿಲ್ಲ ಎಂದು ಮಗಳು ಹೇಳಿದಳು. ನಮಗೆ ಕಾಣದಿದ್ದರೂ ಅವನಿಗೆ ಕಾಣುತ್ತದೆ ಎಂದು ಅತ್ತೆ ಕೈಮುಗಿದರು. ರೋಗದ ಭಯಕ್ಕೆ ಅಲ್ಲಿಗೆ ಹೋಗದೆ ನಮಗೆ ವರ್ಷವೇ ಕಳೆದಿತ್ತು.

ತುದಿಗಿಂತ ಸ್ವಲ್ಪ ಕೆಳಗೆ ಹತ್ತಿಪ್ಪತ್ತು ಕಲ್ಲಿನ ಮೆಟ್ಟಿಲಿದ್ದವು. ಅವು ಕಂಡ ಕೂಡಲೇ ಅತ್ತೆಗೆ ಹಳೆಯದು ನೆನಪಾಗಿ, ಗುಡ್ಡ ಯಾವುದಾದರೂ ಮೈಲಾರಲಿಂಗನದೇ, ಇಲ್ಲೇ ಎತ್ತಿ ಮುಗಿಸಿಬಿಡು ಎಂದು ಮಗನಿಗೆ ಹೇಳುತ್ತಿದ್ದರು. ದಿನಾ ನಡೆದು ಗಟ್ಟಿಯಾಗಿದ್ದ ಗಂಡ ತೋಳು ಏರಿಸಿ ನನ್ನ ಕಡೆ ನೋಡುತ್ತಿದ್ದರು. ನಾನೇನು ಗ್ಯಾಸ್ ಸಿಲಿಂಡರೇ ಎಂದು ರೇಗಿ ಮುಂದೆ ನಡೆಯುತ್ತಿದ್ದೆ. ಒಂದು ದಿನ ಹ್ಞೂಂ ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಹೋಳಿ ಮುಗಿದ ವಾರ, ಅರ್ಧ ದಾರಿಯಲ್ಲಿ ಗಂಡ ಒಂದು ಬಂಡೆಯ ಮೇಲೆ ಕೂತುಬಿಟ್ಟರು. ಮೈ ಕೆಂಡವಾಗಿತ್ತು. ಎರಡು ದಿನಕ್ಕೆ ರಿಪೋರ್ಟ್ ಬಂತು, ಅವರು ಒಳಕೋಣೆ ಸೇರಿದರು, ನಾವು ಮೂವರು ಹಾಲ್‌ನಲ್ಲಿ. ಊಟದ ತಟ್ಟೆಯನ್ನು ಬಾಗಿಲ ಹತ್ತಿರ ಇಟ್ಟು ದೂರ ಸರಿಯುತ್ತಿದ್ದೆವು. ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಯಂತ್ರದ ಅಂಕಿಯನ್ನು ಅವರು ಒಳಗಿನಿಂದ ಕೂಗಿ ಹೇಳುತ್ತಿದ್ದರು, ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು. ತೊಂಬತ್ತಾರು, ತೊಂಬತ್ನಾಲ್ಕು. ಒಂಬತ್ತನೆಯ ದಿನ ಮಧ್ಯಾಹ್ನ ತೊಂಬತ್ತೊಂದು ಅಂದರು, ಅದನ್ನು ಹೇಳುವಷ್ಟರಲ್ಲಿ ಎರಡು ಸಲ ಉಸಿರು ತೆಗೆದುಕೊಂಡರು. ಮಗಳು ಆಸ್ಪತ್ರೆಗಳಿಗೆ ಫೋನ್ ಹಚ್ಚಿದಳು. ಎಲ್ಲಿಯೂ ಮಂಚ ಖಾಲಿ ಇರಲಿಲ್ಲ. ಫೋನಿನಲ್ಲೇ ನೋಡುತ್ತಿದ್ದ ಡಾಕ್ಟರು ಬೋರಲು ಮಲಗಲು ಹೇಳಿ, ಮಾತ್ರೆ ಬದಲಿಸಿದರು.

ಅತ್ತೆ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದರು. ನಾನು ಹತ್ತಿರ ಹೋದಾಗ ನನ್ನ ಮುಖ ನೋಡದೆ ಹೇಳಿದರು: "ಇಪ್ಪತ್ತು ವರ್ಷ ನಿನಗ ಅಂದೆ ನೋಡು, ಆ ನನ್ನ ಬಾಯಿನ ಅವಂಗ ತಟ್ಟೇದ."

ಹಾಗಲ್ಲ ಅತ್ತೆ ಎಂದು ಹೇಳಬೇಕೆಂದಿದ್ದೆ. ಆದರೆ ಅಡಿಗೆಮನೆಯಲ್ಲಿ ನಿಂತು ನಾನೂ ಅದನ್ನೇ ಲೆಕ್ಕ ಹಾಕುತ್ತಿದ್ದೆ, ನನ್ನ ಹಟವೇ ತಟ್ಟಿತು ಎಂದು. ದೇವರನ್ನು ಅಷ್ಟೇನೂ ನಂಬದ ನಾನು ಆ ಮಧ್ಯಾಹ್ನ ಪೂರ್ತಿ ನಂಬಿದೆ. ಅತ್ತೆ ಅಲ್ಲೇ ಹರಕೆ ಹೊತ್ತರು: ಮಗ ಎದ್ದು ಓಡಾಡಿದರೆ ಮಳೆ ಬೀಳುವುದರೊಳಗೆ ಬಾಕಿ ಮೂರು ಮೆಟ್ಟಿಲು ಹತ್ತಿಸುತ್ತೇನೆ, ಅಲ್ಲಿಯವರೆಗೆ ಒಂದೇ ಹೊತ್ತು ಉಣ್ಣುತ್ತೇನೆ.

ಮರುದಿನದಿಂದ ಅಂಕಿ ಒಂದೊಂದಾಗಿ ಏರಿತು. ಗಂಡ ಬದುಕಿದರು. ಹೊರಗೆ ಬಂದಾಗ ಅಂಗಿ ಗೂಟಕ್ಕೆ ನೇತುಹಾಕಿದ ಹಾಗಿತ್ತು. ಮೂರು ತಿಂಗಳು ಭಾರ ಎತ್ತುವ ಹಾಗಿಲ್ಲ, ಏದುಸಿರು ಬರುವ ಕೆಲಸ ಮಾಡುವ ಹಾಗಿಲ್ಲ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಇತ್ತ ಮಾವಿನಹಣ್ಣಿನ ಕಾಲ ಮುಗಿಯುತ್ತ ಬಂತು, ಸಂಜೆ ಮೋಡ ಕಟ್ಟತೊಡಗಿತು. ಅತ್ತೆ ಮಧ್ಯಾಹ್ನ ಒಂದು ರೊಟ್ಟಿ ತಿಂದು ಎದ್ದರೆ ಮುಗಿಯಿತು. ಎಪ್ಪತ್ತೆಂಟರ ವಯಸ್ಸು; ಬಚ್ಚಲಿನಿಂದ ಬರುವಾಗ ಕಣ್ಣು ಕತ್ತಲಿಟ್ಟು ಗೋಡೆ ಹಿಡಿದು ನಿಲ್ಲುತ್ತಿದ್ದರು. ಹರಕೆಯ ದೇವರು ಅವಸರ ಮಾಡುವುದಿಲ್ಲ, ಉಣ್ಣಿರಿ ಎಂದರೆ ಕೇಳಲಿಲ್ಲ. ಮೊಮ್ಮಗಳು ಅತ್ತಳು, ಅದಕ್ಕೂ ಕೇಳಲಿಲ್ಲ.

ಒಂದು ಬೆಳಿಗ್ಗೆ ಅಡಿಗೆಮನೆಯಲ್ಲಿ ದಬ್ ಎಂದು ಸದ್ದಾಯಿತು. ಹೋಗಿ ನೋಡಿದರೆ ಗಂಡ ಹತ್ತು ಕಿಲೋ ಗೋಧಿಹಿಟ್ಟಿನ ಚೀಲದ ಪಕ್ಕ ನೆಲಕ್ಕೆ ಕೂತು ಕೆಮ್ಮುತ್ತಿದ್ದಾರೆ. ನನ್ನನ್ನು ಎತ್ತುವ ಮೊದಲು ಅಭ್ಯಾಸ ಮಾಡುತ್ತಿದ್ದರಂತೆ. ಮೂರೇ ಮೆಟ್ಟಿಲು, ಅವ್ವ ಉಣ್ಣಲಿ ಎಂದು ನನ್ನನ್ನೇ ಬೇಡಿಕೊಂಡರು. ನಾನು ಬಾಯಿಗೆ ಬಂದ ಹಾಗೆ ಬೈದೆ. ಬೈಯುತ್ತ ಬೈಯುತ್ತ, ಆ ಹಿಟ್ಟಿನ ಚೀಲವನ್ನು ಒಂದೇ ಕೈಯಲ್ಲಿ ಎತ್ತಿ ಕಟ್ಟೆಯ ಮೇಲಿಟ್ಟೆ. ಇಟ್ಟ ಮೇಲೆ ಕೈ ನೋಡಿಕೊಂಡೆ.

ನಡುವೆ ಮತ್ತೆ ಎಲ್ಲ ಬಂದ್ ಆಗಿತ್ತು, ಜೇಜುರಿಯ ಗುಡಿಯನ್ನಂತೂ ಇನ್ನೂ ತೆರೆದಿರಲಿಲ್ಲ. ಬೆಳಗಿನ ವಾಕಿಂಗಿಗೆ ಮತ್ತೆ ಬಿಟ್ಟ ವಾರದಲ್ಲೇ ನಾವು ನಾಲ್ವರು ಟೇಕಡಿಗೆ ಹೋದೆವು. ಹತ್ತು ಹೆಜ್ಜೆಗೊಮ್ಮೆ ನಿಂತು, ಒಮ್ಮೆ ಮಗ ಕೂತರೆ ಒಮ್ಮೆ ತಾಯಿ ಕೂತು, ಕಲ್ಲಿನ ಮೆಟ್ಟಿಲ ಹತ್ತಿರ ಬರುವಾಗ ಬಿಸಿಲು ಬಂದಿತ್ತು. ಮೋಡವೂ ಇತ್ತು. ಗಂಡ ತೋಳು ಏರಿಸಿದರು. ನಾನು ಅವರಿಗೆ ಬೆನ್ನು ತಿರುಗಿಸಿ, ಸೆರಗು ಬಿಗಿದು, ಮೊಣಕಾಲು ಬಗ್ಗಿಸಿ ನಿಂತೆ. ಕೊರಳ ಸುತ್ತ ಕೈ ಹಾಕಿ ಎಂದೆ. ಮಕ್ಕಳ ಆಟದ ಉಪ್ಪಿನ ಮೂಟೆಯ ಹಾಗೆ.

"ಏನ್ ಮಾಡ್ಲಾಕತ್ತೀ ನೀ?" ಅಂದರು ಅತ್ತೆ.

"ಅತ್ತಿ, ಮೂರು ಮೆಟ್ಟಲಾ ಹೊತ್ತು ಹತ್ತಬೇಕು ಅಂತ ಅದ, ಹೌದಿಲ್ರಿ? ಅವರ ಕೈಲೆ ಆಗೂದಿಲ್ಲ. ನನ್ನ ಕೈಲೆ ಆಗ್ತದ. ನೀವು ಹ್ಞೂಂ ಅನ್ರಿ, ಇಲ್ಲಾಂದ್ರ ಇಲ್ಲೇ ಕೂಡ್ತೀನಿ."

ಹೆಂಡತಿ ಗಂಡನನ್ನು ಹೊರುವುದನ್ನು ಅತ್ತೆಯ ಏಳು ತಲೆಮಾರಿನಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ನಿಯಮ ಅಂದರೆ ಪ್ರಾಣ ಬಿಡುವ ಹೆಂಗಸು. ಬೇಡ ಅಂದರೆ ಅವರ ಉಪವಾಸ ಮುಗಿಯುವುದಿಲ್ಲ, ಗಂಡ ಹಟ ಬಿಡುವುದಿಲ್ಲ. ಕೊನೆಗೆ ಅತ್ತೆ ಸೊಂಟದ ಸಂಚಿ ಬಿಚ್ಚಿ, ಜೇಜುರಿಯಿಂದ ತಂದಿಟ್ಟಿದ್ದ ಭಂಡಾರದ ಅರಿಷಿಣವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಜೇಜುರಿಯ ದಿಕ್ಕಿಗೆ ತಿರುಗಿ ಕೈಮುಗಿದರು.

ಗಂಡ ನಾಚಿಕೊಳ್ಳುತ್ತ ನನ್ನ ಬೆನ್ನು ಏರಿದರು. ನಾನು ಭಾರಕ್ಕೆ ಮೈ ಗಟ್ಟಿ ಮಾಡಿಕೊಂಡಿದ್ದೆ. ಭಾರವೇ ಇರಲಿಲ್ಲ. ಅವರ ಪಕ್ಕೆಲುಬು ಒಂದೊಂದೂ ನನ್ನ ಬೆನ್ನಿಗೆ ತಾಗುತ್ತಿತ್ತು, ಉಸಿರು ಕಿವಿಯ ಹತ್ತಿರ ಬಂದು ಹೋಗುತ್ತಿತ್ತು. ಅಷ್ಟೊಂದು ಕಳೆದುಕೊಂಡಿದ್ದೆವಲ್ಲ ಎಂದು ಅಲ್ಲೇ ಅಳು ಬಂತು. ಇಪ್ಪತ್ತು ವರ್ಷ ನನ್ನ ತೂಕಕ್ಕೆ ನಾನೇ ನಾಚಿದ್ದೆ. ಆ ಬೆಳಿಗ್ಗೆ ಮೈಯಲ್ಲಿದ್ದ ಒಂದೊಂದು ಕಿಲೋಗೂ ಖುಷಿಯಾಯಿತು. ಮೆಟ್ಟಿಲ ಮೇಲೆ ಕಾಲಿಟ್ಟೆ.

ಹಿಂದಿನಿಂದ ಅತ್ತೆ ಎಣಿಸಿದರು.

"ಮೂರು."

ತಪ್ಪಿ ಎಣಿಸಿದರು ಅಂದುಕೊಂಡೆ. ಇನ್ನೊಂದು ಹತ್ತಿದೆ.

"ನಾಕು."

ಆಗ ಗೊತ್ತಾಯಿತು. ಅವರು ಅಂದು ಮಗ ನಿಂತಲ್ಲಿಂದಲೇ ಎಣಿಸುತ್ತಿದ್ದರು. ನನ್ನ ಬೆನ್ನ ಮೇಲೆ ಗಂಡನಿಗೂ ಗೊತ್ತಾಯಿತೆಂದು ಕಾಣುತ್ತದೆ, ಕೊರಳ ಸುತ್ತಲಿನ ಕೈ ಬಿಗಿಯಾಯಿತು. ಕಣ್ಣಿಗೆ ನೀರು ತುಂಬಿ ಮೆಟ್ಟಿಲು ಕಾಣಲಿಲ್ಲ. ಕಾಲಿನಿಂದ ತಡಕಿ ಹತ್ತಿದೆ.

"ಐದು," ಅಂದರು ಅತ್ತೆ. "ಅಂವ ಎರಡು, ನೀ ಮೂರು. ಆತು."

ನಮ್ಮಿಬ್ಬರ ತಲೆಯ ಮೇಲೆ ಅರಿಷಿಣ ಬಿತ್ತು. ನಾವು ಇಳಿಯುವಾಗ ಎದುರು ಬಂದವರೆಲ್ಲ ನಮ್ಮ ಹಳದಿ ಮುಖ ನೋಡಿ ದಾರಿ ಬಿಟ್ಟರು. ಬುಡದ ಬೆಂಚಿನ ಹತ್ತಿರ ಬಂದಾಗ ಅತ್ತೆ ನನ್ನ ಕೈ ಹಿಡಿದು ನಿಲ್ಲಿಸಿದರು, ಸೆರಗಿನ ತುದಿಯಿಂದ ನನ್ನ ಹಣೆಯ ಬೆವರು ಒರೆಸಿದರು. ಆಮೇಲೆ ಎಂದಿನ ದನಿಯಲ್ಲೇ, ಇವತ್ತು ರಾತ್ರಿ ನನಗೂ ಎರಡು ರೊಟ್ಟಿ ಬಡಿ ಎಂದರು.

ನಾನು ಮೂರು ಬಡಿದೆ. ಮೂರನ್ನೂ ಉಂಡರು.