ಕೆಂಚಜ್ಜಿ ಕಟ್ಟಿದ ಎಲೆ

ಸಣ್ಣತ್ತೆಯ ಕಾಲು ಕೆಟ್ಟದ್ದು ಕೆಂಚಜ್ಜಿ ಕಟ್ಟಿದ ಎಲೆಯಿಂದಲ್ಲ, ನನ್ನಿಂದ. ಅದು ನನಗೆ ಆ ದಿನವೇ ಗೊತ್ತಿತ್ತು. ಗೊತ್ತಿದ್ದೂ ಎಲೆಯ ಹೆಸರು ಹೇಳಿದೆ.

ಆರು ವರ್ಷಗಳ ಹಿಂದಿನ ಮಾತು. ತಮಿಳುನಾಡಿನ ಕಾರಿಮಂಗಲದ ಆಚೆ, ಕನ್ನಡ ಮನೆಮಾತಿನ, ಕುರಿ ಸಾಕುವ ಮನೆಗಳ ನಮ್ಮೂರಿನಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಓದಿದ್ದು ಫಿಸಿಯೋಥೆರಪಿ, ಸೇಲಂನ ಒಂದು ಚಿಕಿತ್ಸಾಲಯದಲ್ಲಿ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಅಲ್ಲಿ ಕಲಿತದ್ದು ಬಾವಿನ ಕೈಕಾಲುಗಳ ಆರೈಕೆ. ದೇಹದಲ್ಲಿ ರಕ್ತದಂತೆಯೇ ದುಗ್ಧರಸವೂ ಹರಿಯುತ್ತದೆ. ಅದರ ದಾರಿ ಕೆಟ್ಟರೆ ಕಾಲಿನಲ್ಲಿ ನಿಂತು ಊದುತ್ತದೆ. ಆ ರಸವನ್ನು ಹಗುರವಾದ ಕೈಯಿಂದ, ಚರ್ಮವನ್ನಷ್ಟೇ ಸರಿಸುತ್ತ, ತೊಡೆಯ ಸಂದಿನ ಕಡೆಗೆ ಸಾಗಿಸಬೇಕು. ಆಮೇಲೆ ಪಟ್ಟಿ ಸುತ್ತಬೇಕು. ಇದೆಲ್ಲಕ್ಕಿಂತ ಮೊದಲು ಕಲಿಸಿದ ನಿಯಮ ಇನ್ನೊಂದಿದೆ — ಕಾಲು ಕೆಂಪಾಗಿ ಬಿಸಿಯಾಗಿದ್ದರೆ ಮುಟ್ಟಕೂಡದು. ಅದು ಸೋಂಕು. ಆ ದಿನವೇ ವೈದ್ಯರ ಬಳಿ ಕಳುಹಿಸಬೇಕು.

ಸಣ್ಣತ್ತೆ ಎಂದರೆ ಅಪ್ಪನ ತಂಗಿ. ಅವಳ ಬಲಗಾಲು ವರ್ಷಗಳಿಂದ ಊದಿತ್ತು. ಆ ಭಾನುವಾರ ನಾನು ಬರುತ್ತೇನೆಂದು ಅಮ್ಮ ಊರಿಗೆಲ್ಲ ಹೇಳಿದ್ದಳು. ಜಗಲಿಯ ಮೇಲೆ ಏಳೆಂಟು ಹೆಂಗಸರು ಕುಳಿತಿದ್ದರು. ಅತ್ತೆಯ ಕಾಲಿಗೆ ಹಿಂದಿನ ವಾರ ಬಾಡಿಸಿದ ಎಲೆ ಕಟ್ಟಿದ್ದ ಕೆಂಚಜ್ಜಿಯೂ ಇದ್ದಳು — ಪಕ್ಕದ ಮನೆಯವಳು, ಬಾಣಂತಿಯರಿಗೆ, ಕೂಸುಗಳಿಗೆ, ಕುರಿಗಳಿಗೆ ಎಲ್ಲಕ್ಕೂ ಅವಳದೇ ಕೈ.

ನಾನು ಪಟ್ಟಿಗಳನ್ನು ಜೋಡಿಸಿಕೊಳ್ಳುತ್ತಿದ್ದಾಗ ಅವಳು ಬಗ್ಗಿ, ಅಂಗೈ ತಿರುಗಿಸಿ, ಕೈಯ ಹಿಂಬದಿಯನ್ನು ಅತ್ತೆಯ ಮೊಣಕಾಲ ಕೆಳಗೆ ಇಟ್ಟಳು. ಹಾಲು ಕರೆಯುವ ಮೊದಲು ಕುರಿಯ ಕೆಚ್ಚಲನ್ನು ನಮ್ಮವರು ಹಾಗೆಯೇ ನೋಡುತ್ತಾರೆ. ಕೆಲಸ ಮಾಡಿ ಗಟ್ಟಿಯಾದ ಅಂಗೈಗೆ ಬಿಸಿ ತಿಳಿಯುವುದಿಲ್ಲ.

“ಸುಡ್ತೈತೆ ಮಗಾ. ಕೆಚ್ಚಲು ಬಾತಂಗೈತೆ. ಇವತ್ತು ಒತ್ಬ್ಯಾಡ, ಆಸ್ಪತ್ರಿಗೆ ಕರ್ಕೊಂಡೋಗು.”

“ನೋಡ್ರೇ, ಈ ಕಿಳವಿ ನನ್ನನ್ನೇ ಕುರಿ ಮಾಡ್ಬುಟ್ಳು!” ಎಂದಳು ಅತ್ತೆ. ಜಗಲಿಯೆಲ್ಲ ನಕ್ಕಿತು.

ನಾನೂ ಕೈಯಿಟ್ಟೆ. ಬಿಸಿ ಇತ್ತು. ಮೊಣಕಾಲ ಕೆಳಗೆ ಅಂಗೈಯಗಲ ಕೆಂಪೂ ಇತ್ತು. ಬಿಸಿಲಲ್ಲಿ ನಡೆದು ಬಂದಿದ್ದಾಳೆ, ಅದಕ್ಕೇ — ಹಾಗೆಂದುಕೊಂಡೆ. ಅಲ್ಲ, ಹಾಗೆಂದುಕೊಳ್ಳಲು ಪ್ರಯತ್ನಪಟ್ಟೆ. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಅಕ್ಷರ ಬಾರದ ಮುದುಕಿ ಹೇಳಿದ್ದು ಸರಿ ಎಂದು, ಅಷ್ಟು ಜನರೆದುರು, ಪಟ್ಟಿಗಳನ್ನು ಮತ್ತೆ ಚೀಲಕ್ಕೆ ಹಾಕಿಕೊಳ್ಳುವುದು —

“ಇದು ಕುರಿ ಅಲ್ಲಜ್ಜಿ. ನಾನು ಓದ್ಕೊಂಡು ಬಂದಿರೋದು.”

“ಓದಿರೋ ಮಗ. ಸರಿ ಬುಡು,” ಎಂದು ಅವಳು ಹಿಂದೆ ಸರಿದಳು.

ಮುಕ್ಕಾಲು ಗಂಟೆ ನೀವಿದೆ. ಬಿಗಿಯಾಗಿ ಪಟ್ಟಿ ಸುತ್ತಿದೆ. ಸಂಜೆ ಸೇಲಂ ಬಸ್ಸಿನಲ್ಲಿದ್ದಾಗ ಅತ್ತೆ ಫೋನ್ ಮಾಡಿದಳು: “ಮೈಯೆಲ್ಲ ನಡುಕ ಬತ್ತೈತೆ ಕಣೇ.” ಆಗಲಾದರೂ ಹೇಳಬಹುದಿತ್ತು. ನಾನು ಹೇಳಿದ್ದು — “ಮೊದಲ ಸಲ ಹಂಗೇ ಆಗುತ್ತೆ, ನೀರು ಕುಡಿ, ಪಟ್ಟಿ ಬಿಚ್ಚಬೇಡ.” ಅವಳು ಬಿಚ್ಚಲಿಲ್ಲ. ನನ್ನ ಮಾತಿನ ಮೇಲೆ ಎರಡು ದಿನ ಬಿಚ್ಚಲಿಲ್ಲ.

ಮೂರನೆಯ ದಿನ ಧರ್ಮಪುರಿಯಲ್ಲಿ ಆಸ್ಪತ್ರೆಗೆ ಸೇರಿಸಿದರು. ನಾನು ಓಡಿ ಬಂದೆ. ವೈದ್ಯರು ಕಾಲನ್ನು ನೋಡಿ, ಇದಕ್ಕೆ ಯಾರಾದರೂ ಏನಾದರೂ ಮಾಡಿದರೇ ಎಂದು ತಮಿಳಿನಲ್ಲಿ ಕೇಳಿದರು. ಅತ್ತೆಗೆ ಪ್ರಜ್ಞೆ ಸರಿಯಾಗಿರಲಿಲ್ಲ. ಅಪ್ಪ ನನ್ನ ಮುಖ ನೋಡಿದ. ನಾನು ಅಚ್ಚುಕಟ್ಟಾದ ತಮಿಳಿನಲ್ಲಿ ಉತ್ತರಿಸಿದೆ: ಊರಿನ ಒಬ್ಬ ಅಜ್ಜಿ ಯಾವುದೋ ಎಲೆ ಕಟ್ಟಿದ್ದರು.

ಅದು ನಿಜವೇ ಆಗಿತ್ತು. ಆ ನಿಜವನ್ನು ನಾನು ಸುಳ್ಳಿನ ಜಾಗದಲ್ಲಿಟ್ಟೆ.

ಅಪ್ಪ ಊರಿಗೆ ಹೋಗಿ ಕೆಂಚಜ್ಜಿಯ ಬಾಗಿಲಲ್ಲಿ ಕೂಗಾಡಿದ. “ನಿನ್ನ ಸೊಪ್ಪಿಗೆ ಬೆಂಕಿ ಬೀಳ! ನನ್ನ ತಂಗಿ ಕಾಲು ಓಯ್ತಲ್ಲೇ!” ಜಗಲಿಯಲ್ಲಿದ್ದವರು ನಕ್ಕು ಮರೆತಿದ್ದ ‘ಒತ್ಬ್ಯಾಡ ಅಂದಿದ್ದೆ’ ಎಂಬ ಒಂದು ಮಾತು ಅವಳ ಬಳಿಯಿತ್ತು. ಅದನ್ನು ಅವಳು ಆಡಲಿಲ್ಲವಂತೆ. “ಓದಿರೋ ಮಗ ಏಳೈತೆ ಅಂದ್ರೆ ಸರಿನೇ ಇರ್ತೈತೆ. ನಂದೇ ತಪ್ಪಿರ್ಬೋದಪ್ಪ” ಎಂದಳಂತೆ. ಅವಳು ನನ್ನನ್ನು ಕಾಪಾಡಲು ಹಾಗೆಂದಿದ್ದರೆ ನಾನು ಹೇಗೋ ಸಹಿಸಿಕೊಳ್ಳುತ್ತಿದ್ದೆನೇನೋ — ಆದರೆ ಅವಳು ನನ್ನನ್ನು ನಂಬಿದ್ದಳು.

ಅತ್ತೆ ಉಳಿದಳು. ಕಾಲು ಮೊದಲಿಗಿಂತ ದಪ್ಪವಾಯಿತು, ಹೊಲದವರೆಗೂ ನಡೆಯಲಾರಳು. ಕೆಂಚಜ್ಜಿಯ ಬಳಿಗೆ ಆಮೇಲೆ ಯಾರೂ ಕೂಸನ್ನು ಒಯ್ಯಲಿಲ್ಲ. ಅವಳ ಕೈಯನ್ನು ಈಗ ಕುರಿಗಳಷ್ಟೇ ನಂಬುತ್ತವೆ.

ಇನ್ನೂ ಇದೆ. ಚಿಕಿತ್ಸಾಲಯಕ್ಕೆ ಹೊಸದಾಗಿ ಬರುವವರಿಗೆ ನಾನೇ ತರಬೇತಿ ಕೊಡುತ್ತೇನೆ. ಹಳ್ಳಿಯ ಎಲೆಯಿಂದ ಕಾಲು ಕೆಟ್ಟ ಹೆಂಗಸಿನ ಕಥೆಯನ್ನು ಅವರಿಗೆ ಪ್ರತಿ ಸಲವೂ ಹೇಳಿದ್ದೇನೆ. ಯಾವ ಕಾಲನ್ನಾಗಲಿ ಮುಟ್ಟುವ ಮೊದಲು ಕೈಯ ಹಿಂಬದಿಯನ್ನಿಟ್ಟು ಬಿಸಿ ನೋಡಿರೆಂದೂ ಕಲಿಸುತ್ತೇನೆ. ಎಲ್ಲಿ ಕಲಿತಿರಿ ಎಂದು ಕೇಳಿದರೆ ಕಾಲೇಜಿನ ಹೆಸರು ಹೇಳುತ್ತೇನೆ.

ಮುಂದಿನ ಭಾನುವಾರ ನಮ್ಮೂರಿನಲ್ಲಿಯೇ ಚಿಕಿತ್ಸಾಲಯದ ಶಿಬಿರ. ಆ ಕಥೆಯನ್ನು ಅಲ್ಲಿಯೂ ಹೇಳು, ಜನರಿಗೆ ಬುದ್ಧಿ ಬರುತ್ತದೆ ಎಂದು ಚಿಕಿತ್ಸಾಲಯದ ಹಿರಿಯರು ಸೂಚಿಸಿದ್ದಾರೆ. ಕೆಂಚಜ್ಜಿ ಬರುತ್ತಾಳೆ. ಅತ್ತೆಯನ್ನು ಕುರ್ಚಿಯಲ್ಲಿ ಹೊತ್ತು ತರುತ್ತಾರೆ; ಅವಳೂ ಇಂದಿನವರೆಗೆ ಎಲೆಯನ್ನೇ ಬೈಯುತ್ತಿದ್ದಾಳೆ.

ನಾನು ಶಾಲೆಯಲ್ಲಿ ಕಲಿತದ್ದು ತಮಿಳು. ಕನ್ನಡದ ಅಕ್ಷರಗಳನ್ನು ದೊಡ್ಡವಳಾದ ಮೇಲೆ ನಾನೇ ಕಲಿತೆ. ತಪ್ಪಿರಬಹುದೆಂದು ಒಂದೊಂದು ವಾಕ್ಯವನ್ನೂ ಎರಡೆರಡು ಸಲ ತಿದ್ದಿದ್ದೇನೆ. ಕೆಂಚಜ್ಜಿಗೆ ಯಾವ ಅಕ್ಷರವೂ ಬಾರದು. ಆದ್ದರಿಂದ ಈ ಬರಹವನ್ನು ಅವಳ ಕೈಗೆ ಕೊಟ್ಟು ಬಂದುಬಿಡುವಂತಿಲ್ಲ — ಶಿಬಿರದಲ್ಲಿ, ಎಲ್ಲರ ಎದುರು, ನನ್ನ ಬಾಯಿಂದಲೇ ಓದಬೇಕು. ನಾನು ಧೈರ್ಯವಂತಳಲ್ಲ. ನಡುವೆ ಎಲ್ಲಾದರೂ ನಿಲ್ಲಿಸಿಬಿಡುವವಳು. ಅದಕ್ಕೇ ಹೇಳಲೇಬೇಕಾದ ವಾಕ್ಯವನ್ನು ಮೊದಲ ಸಾಲಿನಲ್ಲಿಯೇ ಬರೆದಿದ್ದೇನೆ.