ಫ್ಲಾಸ್ಕಿನಲ್ಲಿ ಗುಬ್ಬಿಗೆ ಹೋದ ಹಾಲು

ರಜೆ ಕೋರುವ ಪತ್ರ ಹಾಗೂ ರೋಗಿಗಳ ಕೇಸ್ ಶೀಟುಗಳ ಹೊರತಾಗಿ ನಾನು ಇದುವರೆಗೆ ಏನನ್ನೂ ಬರೆದವಳಲ್ಲ. ಆದ್ದರಿಂದ ಇಲ್ಲಿ ಕಂಡುಬರಬಹುದಾದ ಲೋಪಗಳನ್ನು ಓದುಗರು ಮನ್ನಿಸಬೇಕೆಂದು ಮೊದಲಿಗೇ ಕೋರುತ್ತೇನೆ.

ತುಮಕೂರಿನ ಆಸ್ಪತ್ರೆಯೊಂದರ ಮಕ್ಕಳ ವಿಭಾಗಕ್ಕೆ ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿ ಸೇರಿದಾಗ ನನ್ನ ಮಗಳಿಗೆ ನಾಲ್ಕು ತಿಂಗಳು ತುಂಬಿತ್ತು. ಮಗು ಗುಬ್ಬಿಯಲ್ಲಿ ಅತ್ತೆಯವರ ಬಳಿ ಉಳಿಯಿತು, ನಾನು ಹಾಸ್ಟೆಲಿನಲ್ಲಿ. ಎದೆಹಾಲು ಮಾತ್ರ ನಿಲ್ಲಬಾರದೆಂಬುದು ನನ್ನ ಹಟವಾಗಿತ್ತು. ಅದರಂತೆ, ಡ್ಯೂಟಿಯ ನಡುವೆ ಹಿಂಡಿ ಫ್ರಿಜ್ಜಿನಲ್ಲಿಟ್ಟ ಹಾಲನ್ನು, ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಮೊದಲ ಪಾಳಿ ಮುಗಿಸಿ ಬರುವ ನನ್ನ ಪತಿಯವರು, ಮಂಜುಗಡ್ಡೆ ತುಂಬಿದ ಫ್ಲಾಸ್ಕಿನಲ್ಲಿರಿಸಿ ಬೈಕಿನಲ್ಲಿ ಗುಬ್ಬಿಗೆ ಒಯ್ಯುವುದೆಂದು ಏರ್ಪಾಡಾಯಿತು.

ಅದೇ ಅವಧಿಯಲ್ಲಿ, ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಕಡೆಯ ಹೆಂಗಸೊಬ್ಬರು ತಿಂಗಳು ತುಂಬದೆ ಹುಟ್ಟಿದ ಮಗುವಿನೊಂದಿಗೆ ನಮ್ಮ ವಾರ್ಡಿನಲ್ಲಿದ್ದರು. ಗಾಜಿನ ಪೆಟ್ಟಿಗೆಯಲ್ಲಿದ್ದ ಕೂಸಿಗೆ ಆಕೆ ಹಾಲು ಹಿಂಡಿ ಕೊಡಬೇಕಿತ್ತು. ಅದು ಲೋಟದ ತಳವನ್ನೂ ಮುಚ್ಚುತ್ತಿರಲಿಲ್ಲ. ರೌಂಡ್ಸಿಗೆ ತಡವಾಗಿದ್ದ ಒಂದು ಬೆಳಿಗ್ಗೆ ನಾನು, “ಇಷ್ಟೇ ಏನಮ್ಮ? ಮನಸ್ಸಿಟ್ಟು ಹಿಂಡಿದ್ರೆ ಬರಲ್ವಾ?” ಎಂದೆ. ಆಕೆ ಲೋಟವನ್ನು ಸೆರಗಿನಡಿ ಮರೆಮಾಡಿಕೊಂಡರು. ಸದರಿ ಮಾತನ್ನು ನಾನು ಆಡಬಾರದಿತ್ತು.

ಎರಡು ವಾರದೊಳಗೆ ನನ್ನ ಬಾಟಲಿಯ ಹಾಲೂ ತಗ್ಗುತ್ತ ಬಂತು. ಒಂದು ಮಧ್ಯಾಹ್ನ ಪತಿಯವರು ಅದನ್ನು ಬೆಳಕಿಗೆ ಹಿಡಿದು ನೋಡಿ, “ಪುಡಿ ಹಾಲು ಶುರು ಮಾಡೋಣ್ವಾ ಅಂತವ್ರೆ ಅಮ್ಮ. ನೀನೇ ಹೇಳು,” ಎಂದರು.

“ಒಂದ್ ವಾರ ನೋಡೋಣ ಇರ್ರೀ.”

“ಊಟ ಮಾಡಿದ್ಯಾ?”

“ಮಾಡ್ತೀನಿ.”

“ನಿನ್ನೆನೂ ಇದನ್ನೇ ಹೇಳ್ದೆ ಕಣೇ.”

ಮರುದಿನ ಡ್ಯೂಟಿ ಕೋಣೆಯಲ್ಲಿ ಬೇರೆಯವರಿದ್ದುದರಿಂದ, ತಾಯಂದಿರ ಕೋಣೆಯ ಮೂಲೆಯಲ್ಲಿ ಗೋಡೆಗೆ ಮುಖಮಾಡಿ ಕುಳಿತೆ. ಇಪ್ಪತ್ತು ನಿಮಿಷಕ್ಕೆ ಬಂದದ್ದು ನಾಲ್ಕು ಹನಿ. ಪಕ್ಕದಲ್ಲಿ ಹುತ್ರಿದುರ್ಗದ ಆಕೆ ಕುಳಿತಿದ್ದರು. ಅವರ ಲೋಟ ಈಗ ಅರ್ಧ ತುಂಬಿತ್ತು.

“ನಿಮ್ಗೂ ಮಗಾ ಐತಾ ಮೇಡಮ್ಮೋರೇ?”

“ಹೂಂ. ಗುಬ್ಬೀಲಿದೆ. ಐದು ತಿಂಗಳು.”

“ಅಯ್ಯೋ! ಮಗೀನ ಅಲ್ ಬುಟ್ಟು ಇಲ್ ಗೋಡೆ ನೋಡ್ಕಂಡ್ ಕುಂತ್ರೆ ಹಾಲ್ ಎಂಗ್ ಇಳೀತದೆ? ಗೋಡೆ ಏನ್ ನೀವ್ ಹೆತ್ತಿದ್ದಾ? ನಾನಾದ್ರೆ ಆ ಗಾಜ್ನಾಗೆ ಇಣುಕ್ ನೋಡ್ಬುಟ್ ಬತ್ತೀನಿ. ನೀವ್ ಅದ್ರ ಬಟ್ಟೆನಾದ್ರೂ ತರಿಸ್ಕಳಿ. ಒಗೀದೆ ಇರೋದು.”

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. “ಅವತ್ತು ನಾನು ನಿಮ್ಗೆ ಹಂಗನ್ಬಾರ್ದಿತ್ತು,” ಎಂದೆ.

“ಬುಡಿ ಮೇಡಮ್,” ಎಂದವರು, ಲೋಟವನ್ನು ಪಕ್ಕಕ್ಕಿಟ್ಟು, “ಬೇಜಾರಂತೂ ಆಯ್ತು,” ಎಂದರು.

ಮಗುವಿನ ನೋಟಕ್ಕೆ, ವಾಸನೆಗೆ ಹಾಲಿಳಿಯುತ್ತದೆಂದು ಆಕೆ ಹೇಳಿದ ವಿಚಾರ ನಮ್ಮ ಪಠ್ಯದಲ್ಲಿಯೂ ಇದೆ. ನಾನದನ್ನು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೇನೆ. ನನಗೇ ಅನ್ವಯಿಸಿಕೊಳ್ಳಲು ಮಾತ್ರ ತೋಚಿರಲಿಲ್ಲ.

ಪತಿಯವರು ಮಗುವಿನ ಟೋಪಿ ತಂದುಕೊಟ್ಟರು. “ಒಗ್ದು ಕೊಡ್ತೀನಿ ಅಂತ ಅಮ್ಮ ಕಿತ್ಕೊಳ್ತಿದ್ರು. ಬಿಡಿಸ್ಕೊಂಡ್ ಬರೋಷ್ಟ್ರಲ್ಲಿ ಸಾಕಾಯ್ತು.” ಕೊಬ್ಬರಿ ಎಣ್ಣೆ, ಹುಳಿಹಾಲಿನ ವಾಸನೆಯ ಆ ಟೋಪಿಯನ್ನು ಮೂಗಿಗೆ ಒತ್ತಿಕೊಂಡು ಕುಳಿತೆ. ಅಂದು ಬಾಟಲಿ ಅರ್ಧದಷ್ಟು ತುಂಬಿತು.

ಹೀಗೆ ಇನ್ನೂ ಎರಡು ತಿಂಗಳು ಹಾಲು ಗುಬ್ಬಿಗೆ ಹೋಯಿತು. ಹುತ್ರಿದುರ್ಗದ ಆಕೆ ಅಷ್ಟರಲ್ಲಿ ಕೂಸನ್ನು ಎದೆಗವಚಿಕೊಂಡು ಊರಿಗೆ ಮರಳಿದ್ದರು. ಬಳಿಕ ನನ್ನನ್ನು ತುರ್ತು ಚಿಕಿತ್ಸಾ ಘಟಕಕ್ಕೆ ಹಾಕಿದರು. ಅಲ್ಲಿ ಕೂರಲು ಬಿಡುವಿರಲಿಲ್ಲ. ಹಾಲು ನಿಂತಿತು. ಟೋಪಿಯಲ್ಲಿಯೂ ವಾಸನೆ ಉಳಿದಿರಲಿಲ್ಲ.

ಗುಬ್ಬಿಗೆ ನಾನೇ ಫೋನು ಮಾಡಿದೆ. “ಅತ್ತೆ, ಪುಡಿ ಹಾಲು ಶುರು ಮಾಡಿ.”

“ಆಗ್ಲಿ ಕಣವ್ವ. ಆ ಟೋಪಿ ಕಳ್ಸ್‌ಬುಡು, ಒಗ್ದಿಡ್ತೀನಿ,” ಎಂದರು.

ಅದನ್ನು ನಾನು ಇಂದಿನವರೆಗೂ ಕಳುಹಿಸಿರುವುದಿಲ್ಲ.