ಮೊದಲು ಯಾರು ಹೇಳಬೇಕು

ಎಂಬತ್ತರ ದಶಕದ ನಡುವೆ, ಜಯನಗರದಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲಿದ್ದ ಸಣ್ಣ ಕಂಪ್ಯೂಟರ್ ಆಫೀಸಿನಲ್ಲಿ ನಾನು ಪ್ರೋಗ್ರಾಂ ಬರೆಯುತ್ತಿದ್ದೆ. ಔಷಧಿ ಗೋಡೌನೊಂದಕ್ಕೆ ಬರೆದ ಎರಡು ಪ್ರೋಗ್ರಾಂಗಳು ಏಕಕಾಲಕ್ಕೆ ಓಡಬೇಕಿತ್ತು. ಒಂದು ಬಿಲ್ ಮಾಡುತ್ತಿತ್ತು, ಇನ್ನೊಂದು ದಾಸ್ತಾನಿನ ಲೆಕ್ಕ ಇಡುತ್ತಿತ್ತು. ಬೇರೆ ಬೇರೆ ಓಡಿಸಿದರೆ ಎರಡೂ ಬಂಗಾರ. ಒಟ್ಟಿಗೆ ಬಿಟ್ಟರೆ ಸ್ವಲ್ಪ ಹೊತ್ತಿಗೆ ಎರಡು ಪರದೆಗಳೂ ಗರ ಬಡಿದಂತೆ ನಿಂತುಬಿಡುತ್ತಿದ್ದವು. ಬಿಲ್ಲಿನದು ತನ್ನ ಫೈಲನ್ನು ಹಿಡಿದುಕೊಂಡು ದಾಸ್ತಾನಿನ ಫೈಲಿಗೆ ಕಾಯುತ್ತಿತ್ತು. ದಾಸ್ತಾನಿನದು ತನ್ನದನ್ನು ಹಿಡಿದುಕೊಂಡು ಬಿಲ್ಲಿನ ಫೈಲಿಗೆ ಕಾಯುತ್ತಿತ್ತು. ಯಾವುದರಲ್ಲೂ ತಪ್ಪಿಲ್ಲ, ಕೆಲಸ ಮಾತ್ರ ನಡೆಯುತ್ತಿಲ್ಲ.

ಮನೆಯಲ್ಲೂ ಅದೇ ಕಥೆ. ಹನುಮಂತನಗರದ ನಮ್ಮ ಮನೆಗೆ ನನ್ನನ್ನು ನೋಡಲು ಬಂದ ಗಂಡುಗಳಲ್ಲಿ ಒಬ್ಬ ನನಗೆ ತುಂಬಾ ಹಿಡಿಸಿದ್ದ. ಬನಶಂಕರಿಯ ಬ್ಯಾಂಕಿನಲ್ಲಿ ಕೆಲಸ. ಉಪ್ಪಿಟ್ಟು ತಿನ್ನುತ್ತಾ ನನ್ನ ಆಫೀಸು ಯಾವುದು, ಅಲ್ಲಿ ಏನು ಮಾಡುತ್ತೀರಿ ಎಂದು ಮನಸಾರೆ ಕೇಳಿದವನು ಅವನೊಬ್ಬನೇ. ಹೊರಡುವಾಗ ಅವನ ತಾಯಿ, "ಓದಿರೋ ಹುಡುಗಿ, ಅವಳ ಮನಸ್ಸು ತಿಳ್ಕೊಂಡು ನೀವೇ ಹೇಳಿಕಳಿಸಿ" ಎಂದರು. ಅಪ್ಪ ಕೈಮುಗಿದು, "ಗಂಡಿನ ಕಡೆಯವರು ನೀವು. ನೀವು ಹೇಳಿದ ಮೇಲೆ ನಮ್ಮದೇನಿದೆ?" ಎಂದರು. ಇನ್ನೊಬ್ಬರದು ಬರೀ ಉಪಚಾರದ ಮಾತು ಎಂದು ಎರಡೂ ಕಡೆಯವರು ತಿಳಿದರು. ವಾರಗಳು ಉರುಳಿದವು.

"ನಾವಾಗೇ ಕೇಳಿದ್ರೆ ಹಗುರಾಗ್ತೀವಿ ಕಣಮ್ಮ" ಎಂದರು ಅಪ್ಪ. ಅಷ್ಟರಲ್ಲಿ ಚಿಕ್ಕಲಸಂದ್ರದಿಂದ ಇನ್ನೊಂದು ಜಾತಕ ಬಂತು, ಕೂಡಿಯೂ ಬಂತು. ಭಾನುವಾರ ಅವರು ಬರುತ್ತಾರೆಂದು ಅಮ್ಮ ಮತ್ತೆ ರವೆ ಹುರಿದಿಟ್ಟರು. ನನಗೆ ಮೈಯೆಲ್ಲಾ ಉರಿಯಿತು.

ಶನಿವಾರ ಬೆಳಿಗ್ಗೆ ಪ್ರೋಗ್ರಾಂ ತಿದ್ದಿದೆ. ತುಂಬಾ ಹೊತ್ತು ಕಾದರೆ ಕೈಯಲ್ಲಿರುವ ಫೈಲನ್ನು ಬಿಟ್ಟುಬಿಡು, ಇನ್ನೊಂದು ತನ್ನ ಕೆಲಸ ಮುಗಿಸಲಿ, ಆಮೇಲೆ ಮತ್ತೆ ಕೇಳು. ಎರಡೂ ಒಟ್ಟಿಗೇ ಬಿಟ್ಟು ಒಟ್ಟಿಗೇ ಹಿಡಿದರೆ ಮತ್ತದೇ ಪಾಡು, ಹಾಗಾಗಿ ಒಂದಕ್ಕೆ ಹೆಚ್ಚು ಹೊತ್ತು ಕಾಯುವ ತಾಳ್ಮೆ ಕೊಟ್ಟೆ. ಸರಾಗವಾಗಿ ಓಡಿದವು. ಯಂತ್ರಕ್ಕೆ ಬುದ್ಧಿ ಹೇಳಿ ನಾನು ಮಾತ್ರ ಕೈಕಟ್ಟಿ ಕೂತಿದ್ದೇನಲ್ಲ ಎನಿಸಿತು. ಬಿಗುಮಾನ ಹಾಳಾಗಿ ಹೋಗಲಿ ಎಂದು ಡೈರೆಕ್ಟರಿಯಲ್ಲಿ ಹುಡುಕಿ, ಆಫೀಸಿನ ಫೋನಿನಿಂದಲೇ ಅವನ ಬ್ಯಾಂಕಿನ ನಂಬರು ತಿರುಗಿಸಿದೆ. ಎಂಗೇಜ್. ಮತ್ತೆ ತಿರುಗಿಸಿದೆ, ಎಂಗೇಜ್. ಇನ್ನೊಮ್ಮೆ, ಅದೇ. ರಿಸೀವರ್ ಕುಕ್ಕಿ, ಪರದೆಯ ಕಡೆ ತಿರುಗಿ ಕೂತೆ.

ಫೋನ್ ರಿಂಗಾಯಿತು.

"ಎಷ್ಟೊತ್ತಿಂದ ಮಾಡ್ತಿದೀನ್ರೀ, ಬರೀ ಎಂಗೇಜ್" ಎಂದ ಅವನು, ರೇಗಿಕೊಂಡೇ. "ಯಾರಿಗೆ ಮಾಡ್ತಾ ಇದ್ರಿ?"

"ನಿಮಗೇ" ಎಂದೆ.